ಹನ್ನೊಂದು ತಿಂಗಳಿಗೊಮ್ಮೆ 'ಬ್ರೇಕ್' ಕೊಟ್ಟರೆ ಗ್ರಾಚ್ಯುಟಿ ಸಿಗುತ್ತಾ? ಹೊಸ ಕಾರ್ಮಿಕ ಸಂಹಿತೆಗಳ ಬಗ್ಗೆ ಗೊತ್ತಿರುವವರು ಹೇಳಿ

ಪೀಣ್ಯ ಎರಡನೇ ಹಂತ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಸಿಎನ್‌ಸಿ ಆಪರೇಟರ್, ಅಂದರೆ ಕಂಪ್ಯೂಟರ್‌ನಿಂದ ನಡೆಯುವ ಮಷೀನು ನೋಡಿಕೊಳ್ಳುವವನು. ಊರು ಚನ್ನರಾಯಪಟ್ಟಣದ ಹತ್ತಿರ. ಆರು ವರ್ಷದಿಂದ ಅದೇ ಮಷೀನು, ಅದೇ ಸೂಪರ್‌ವೈಸರು. ಆದರೆ ಕಾಗದದ ಮೇಲೆ ನಾನು ಕಂಪನಿಯವನಲ್ಲ, ಕಾಂಟ್ರಾಕ್ಟರ್ ಕಡೆಯವನು. ಹನ್ನೊಂದು ತಿಂಗಳು ಆದ ಕೂಡಲೇ ಒಂದು ವಾರ ಮನೆಗೆ ಕಳಿಸುತ್ತಾರೆ. ನಮ್ಮಲ್ಲಿ ಅದಕ್ಕೆ 'ಬ್ರೇಕ್' ಅನ್ನುತ್ತಾರೆ. ಊರಿಗೆ ಹೋಗಿ ರಾಗಿ ಕೆಲಸ ಇದ್ದರೆ ಮಾಡಿ ವಾಪಸ್ ಬಂದರೆ ಹೊಸ ಟೋಕನ್ ನಂಬರು, ಹೊಸ ಗುರುತಿನ ಚೀಟಿ. ಈಗ ನನ್ನ ಹತ್ತಿರ ಅಂಥ ಆರು ಚೀಟಿ ಇವೆ. ಆರರಲ್ಲೂ ಮೊದಲ ವರ್ಷ ತೆಗೆಸಿದ ಅದೇ ಫೋಟೋ. ಸೇರಿದ ದಿನಾಂಕ ಮಾತ್ರ ಬೇರೆ ಬೇರೆ.

2025ರ ನವೆಂಬರ್ 21ರಿಂದ ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು ಅಂತ ಟೀವಿಯಲ್ಲಿ ನೋಡಿದೆ. ಒಂದು ವರ್ಷ ಕೆಲಸ ಮಾಡಿದರೂ ಗ್ರಾಚ್ಯುಟಿ (ಕೆಲಸ ಬಿಡುವಾಗ ದುಡಿದ ವರ್ಷಗಳ ಲೆಕ್ಕದಲ್ಲಿ ಮಾಲೀಕರು ಕೊಡುವ ಹಣ), ಎಲ್ಲರಿಗೂ ನೇಮಕಾತಿ ಪತ್ರ ಅಂತೆಲ್ಲ ಹೇಳಿದರು. ಮಾರನೇ ದಿನವೇ ಕಾಂಟ್ರಾಕ್ಟರ್ ಆಫೀಸಿನಲ್ಲಿ ಕೇಳಿದೆ. "ಅದು ನಿಮಗಲ್ಲಪ್ಪ, ಕಂಪನಿಯವರಿಗೆ" ಅಂದರು. ಕಂಪನಿಯ ಎಚ್‌ಆರ್ ಹತ್ತಿರ ಹೋದರೆ "ನಿಮ್ಮ ಕಾಂಟ್ರಾಕ್ಟರ್‌ನ ಕೇಳಿ" ಅಂದರು.

ನನ್ನ ಪ್ರಶ್ನೆ ಇಷ್ಟೇ. ನಾನು ಯಾರ ಕಡೆಯವನು? ನನಗೆ ಏನಾದರೂ ಸಿಗುತ್ತದಾ, ಇಲ್ಲವಾ?

ಲೆಕ್ಕದ ಅಕ್ಕ

ತಮ್ಮಾ, ನಾನು ಹೊಸೂರು ರಸ್ತೆಯ ಒಂದು ಕಂಪನಿಯಲ್ಲಿ ಸಂಬಳದ ಲೆಕ್ಕ ನೋಡುವವಳು. ವಕೀಲೆ ಅಲ್ಲ. ಆದರೆ ಈ ಸಂಹಿತೆಗಳು ಬಂದಾಗಿನಿಂದ ನಮಗೆ ಇದೇ ಕೆಲಸ, ಹಾಗಾಗಿ ಓದಿಕೊಂಡಿದ್ದೇನೆ.

ಮೊದಲು ಹಿನ್ನೆಲೆ ಹೇಳುತ್ತೇನೆ, ಗೊಂದಲ ಕಡಿಮೆಯಾಗುತ್ತದೆ. 29 ಹಳೇ ಕಾನೂನುಗಳನ್ನು ಸೇರಿಸಿ ನಾಲ್ಕು ಮಾಡಿದ್ದಾರೆ. ವೇತನ ಸಂಹಿತೆ ಪಾಸಾಗಿದ್ದು 2019ರಲ್ಲಿ. ಕೈಗಾರಿಕಾ ಸಂಬಂಧ, ಸಾಮಾಜಿಕ ಭದ್ರತೆ, ಕೆಲಸದ ಜಾಗದ ಸುರಕ್ಷತೆ ಮತ್ತು ಆರೋಗ್ಯ, ಈ ಮೂರು 2020ರಲ್ಲಿ. ಐದು ವರ್ಷ ಸುಮ್ನೆ ಇದ್ದವು. ಕಾರ್ಮಿಕ ವಿಷಯ ಸಮವರ್ತಿ ಪಟ್ಟಿಯಲ್ಲಿದೆ, ಅಂದರೆ ಕೇಂದ್ರವೂ ರಾಜ್ಯವೂ ಎರಡೂ ಕಾನೂನು ಮಾಡಬಹುದು; ಈ ಸಂಹಿತೆಗಳಿಗೆ ಇಬ್ಬರೂ ತಮ್ಮ ತಮ್ಮ ನಿಯಮ ಮಾಡಬೇಕು. ಅದೇ ತಡ ಆಯಿತು. ಕೇಂದ್ರದ ಹೊಸ ಕರಡು ನಿಯಮಗಳು ಬಂದಿದ್ದು ಕೂಡ ಜಾರಿಯಾದ ಮೇಲೆ, ಡಿಸೆಂಬರ್ ಕೊನೆಯಲ್ಲಿ.

ಈಗ ನಿಮ್ಮ ವಿಷಯ. 'ಒಂದು ವರ್ಷಕ್ಕೆ ಗ್ರಾಚ್ಯುಟಿ' ಅನ್ನುವುದು ಎಲ್ಲರಿಗೂ ಅಲ್ಲ. ಇದನ್ನು ಟೀವಿಯವರು ಸರಿಯಾಗಿ ಹೇಳಲಿಲ್ಲ. ಕಾಯಂ ನೌಕರರಿಗೆ ಇಂದಿಗೂ ಐದು ವರ್ಷವೇ. ಒಂದು ವರ್ಷದ ಲೆಕ್ಕ ಇರುವುದು ನಿಗದಿತ ಅವಧಿಯ ನೌಕರರಿಗೆ, ಅಂದರೆ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಬರಹದಲ್ಲಿ ಒಪ್ಪಂದ ಮಾಡಿಕೊಂಡು ಸೇರಿದವರಿಗೆ. ಅವರಿಗೆ ಅದೇ ಕೆಲಸ ಮಾಡುವ ಕಾಯಂ ನೌಕರರಿಗಿಂತ ಸಂಬಳ, ಸೌಲಭ್ಯ ಕಡಿಮೆ ಇರಬಾರದು ಅಂತಲೂ ಇದೆ. ನಿಮ್ಮ ಹತ್ತಿರ ಅಂಥ ಒಪ್ಪಂದದ ಪತ್ರ ಇದೆಯಾ?

ಪೀಣ್ಯ ಎರಡನೇ ಹಂತ

ಇಲ್ಲ ಅಕ್ಕ. ಸೇರುವಾಗ ಒಂದು ಫಾರಂಗೆ ಸಹಿ ಹಾಕಿಸಿಕೊಂಡರು, ಪ್ರತಿ ಕೊಡಲಿಲ್ಲ. ಬ್ರೇಕ್‌ಗೆ ಹೋಗುವಾಗ ಇನ್ನೊಂದು ಇಂಗ್ಲಿಷ್ ಕಾಗದಕ್ಕೆ ಸಹಿ. "ನನಗೆ ಬರಬೇಕಾದ್ದೆಲ್ಲ ಬಂದಿದೆ, ಲೆಕ್ಕ ಮುಗಿದಿದೆ" ಅಂತ ಅದರಲ್ಲಿ ಇರುತ್ತದೆ ಅಂತ ಜೊತೆಯವನು ಓದಿ ಹೇಳಿದ. ಸಹಿ ಹಾಕದಿದ್ದರೆ ವಾಪಸ್ ಕರೆಯಲ್ಲ.

ಮದ್ದೂರಮ್ಮ

ನಾನು ಗಾರ್ಮೆಂಟ್ಸ್‌ನಲ್ಲಿ ಹದಿನಾಲ್ಕು ವರ್ಷ ಇದ್ದೆ, ಬೊಮ್ಮನಹಳ್ಳಿ ಕಡೆ. ಈಗ ಊರಿನಲ್ಲೇ ಟೈಲರಿಂಗ್. ಅಣ್ಣ ಹೇಳಿದ ಆ ಕಾಗದ ನನಗೂ ಗೊತ್ತು. ನಮ್ಮಲ್ಲಿ ಐದು ವರ್ಷ ತುಂಬುವುದಕ್ಕೆ ಎರಡು ಮೂರು ತಿಂಗಳು ಇರುವಾಗಲೇ ಟಾರ್ಗೆಟ್ ಜಾಸ್ತಿ ಮಾಡಿ, ಬೈದು, ತಾನಾಗಿಯೇ ಬಿಟ್ಟು ಹೋಗುವ ಹಾಗೆ ಮಾಡುತ್ತಿದ್ದರು. ನನ್ನ ಪಕ್ಕದ ಮಷೀನಿನವಳು ನಾಲ್ಕು ವರ್ಷ ಒಂಬತ್ತು ತಿಂಗಳಿಗೆ ಬಿಟ್ಟಳು. ಕಾಲರ್ ಹೊಲಿಯುವುದರಲ್ಲಿ ಅವಳ ಕೈ ಎಷ್ಟು ಚುರುಕು ಅಂದರೆ, ಬೇರೆ ಲೈನಿನವರು ಬಂದು ನಿಂತು ನೋಡುತ್ತಿದ್ದರು. ಒಂದು ರೂಪಾಯಿ ಗ್ರಾಚ್ಯುಟಿ ಇಲ್ಲದೆ ಹೋದಳು.

ಲೆಕ್ಕದ ಅಕ್ಕ

ಅಮ್ಮಾ, ಇದನ್ನು ಓದಿ ತುಂಬ ಬೇಜಾರಾಯಿತು.

ಪೀಣ್ಯದ ತಮ್ಮಾ, ಇಲ್ಲಿ ಒಂದು ಮುಖ್ಯ ವಿಷಯ ಇದೆ, ನಿಧಾನವಾಗಿ ಓದಿ. ಹನ್ನೊಂದು ತಿಂಗಳ ಲೆಕ್ಕ ಯಾಕೆ ಹುಟ್ಟಿತು? ವರ್ಷ ತುಂಬದಿರಲಿ ಅಂತ. ಆದರೆ ಕಾನೂನಿನಲ್ಲಿ 'ಒಂದು ವರ್ಷದ ಸತತ ಸೇವೆ' ಅಂದರೆ 365 ದಿನ ಅಲ್ಲ. ಹಿಂದಿನ ಹನ್ನೆರಡು ತಿಂಗಳಲ್ಲಿ 240 ದಿನ ಕೆಲಸ ಮಾಡಿದ್ದರೆ ಅದನ್ನು ಒಂದು ವರ್ಷದ ಸತತ ಸೇವೆ ಅಂತಲೇ ಎಣಿಸಬೇಕು. ವಾರಕ್ಕೆ ಆರು ದಿನಕ್ಕಿಂತ ಕಡಿಮೆ ನಡೆಯುವ ಕಡೆ 190 ದಿನ ಸಾಕು. ಇದು ಹೊಸದೇನಲ್ಲ, 1972ರ ಗ್ರಾಚ್ಯುಟಿ ಕಾಯ್ದೆಯಲ್ಲೂ ಇತ್ತು, ಈಗಿನ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇದೆ. ತಿಂಗಳಿಗೆ 26 ದಿನ ಅಂದರೆ ಹನ್ನೊಂದು ತಿಂಗಳಿಗೆ 286 ದಿನ. ಒಂದು ವಾರ ಬ್ರೇಕ್ ಕೊಟ್ಟರೂ 240 ದಾಟಿರುತ್ತದೆ.

ಹಾಗಾದರೆ ನಿಮ್ಮದು ಒಂದು ವರ್ಷದ ಹೊಸ ನಿಯಮದ ಪ್ರಶ್ನೆಯೇ ಅಲ್ಲ. ಆರು ವರ್ಷ, ಪ್ರತಿ ವರ್ಷ 240 ದಿನದ ಮೇಲೆ, ಒಬ್ಬನೇ ಮಾಲೀಕ ಅಂತ ತೋರಿಸಲು ಆದರೆ ಹಳೇ ಐದು ವರ್ಷದ ನಿಯಮದಲ್ಲೇ ನಿಮಗೆ ಹಕ್ಕು ಇದೆ ಅಂತ ಗಟ್ಟಿಯಾಗಿ ವಾದ ಮಾಡಬಹುದು. ಕಷ್ಟ ಇರುವುದು ತೋರಿಸುವುದರಲ್ಲಿ. ಕಾಂಟ್ರಾಕ್ಟರ್ ಒಬ್ಬರೇನಾ, ಬದಲಾದರಾ?

ಪೀಣ್ಯ ಎರಡನೇ ಹಂತ

ಮನುಷ್ಯ ಒಬ್ಬರೇ ಅಕ್ಕ. ಆದರೆ ಮೊದಲ ಮೂರು ಚೀಟಿಯಲ್ಲಿ 'ಎಂಟರ್‌ಪ್ರೈಸಸ್' ಅಂತ ಇದೆ, ಆಮೇಲಿನ ಮೂರರಲ್ಲಿ 'ಸರ್ವೀಸಸ್' ಅಂತ. ನೀವು ಕೇಳಿದ ಮೇಲೆ ಈಗ ತಾನೇ ತೆಗೆದು ನೋಡಿದೆ. ಇಷ್ಟು ದಿನ ಗಮನಿಸಿಯೇ ಇರಲಿಲ್ಲ.

ಉದ್ಯಮಬಾಗ್

ನಮಸ್ಕಾರ್ರೀ. ಬೆಳಗಾವಿಯವನು, ಉದ್ಯಮಬಾಗದಲ್ಲಿ ಸಣ್ಣ ವರ್ಕ್‌ಶಾಪ್ ಇದೆ, 14 ಮಂದಿ ಕೆಲಸ ಮಾಡುತ್ತಾರೆ. ಮಾಲೀಕ ಅಂತ ಹೇಳಿಕೊಂಡೇ ಬರೆಯುತ್ತೇನೆ, ಬೈಯಬೇಡಿ.

ಪೀಣ್ಯದ ತಮ್ಮನಿಗೆ ಆಗಿದ್ದು ತಪ್ಪು. ಅದರಲ್ಲಿ ಎರಡು ಮಾತಿಲ್ಲ. ಆದರೆ ನಮ್ಮಂಥವರ ಕಡೆಯಿಂದಲೂ ನೋಡಬೇಕು. ನನ್ನಲ್ಲಿ ಹದಿನೆಂಟು ವರ್ಷದಿಂದ ಒಬ್ಬ ಟರ್ನರ್ ಇದ್ದಾನೆ. ಅವನಿಗೆ ನೇಮಕಾತಿ ಪತ್ರ ಕೊಟ್ಟಿರಲಿಲ್ಲ, ಕೊಡಬೇಕು ಅಂತ ಇಬ್ಬರಿಗೂ ಅನಿಸಿರಲಿಲ್ಲ. ಈ ಸಂಹಿತೆ ಬಂದ ಮೇಲೆ ಕೂತು ಹದಿನಾಲ್ಕು ಮಂದಿಗೂ ಬರೆದೆ. ಕನ್ನಡದಲ್ಲೇ ಬರೆದೆ. ಅವನು ಅದನ್ನು ತಗೊಂಡು ಎಣ್ಣೆ ಕೈ ಒರೆಸಿಕೊಂಡು, ನಾಲ್ಕು ಮಡಿಕೆ ಮಾಡಿ ಅಂಗಿ ಕಿಸೆಯಲ್ಲಿ ಇಟ್ಟುಕೊಂಡ. ಮರುದಿನ ಬಂದು "ಮನೆಯಾಕಿ ಫ್ರೇಮ್ ಹಾಕಿಸೋಣ ಅಂತಾಳ್ರೀ" ಅಂದ. ನನಗೆ ಮುಖ ಎತ್ತಿ ನೋಡಲು ಆಗಲಿಲ್ಲ. ಹದಿನೆಂಟು ವರ್ಷ ಯಾಕೆ ಕೊಡಲಿಲ್ಲ ನಾನು?

ಇನ್ನೊಂದು ವಿಷಯ ನಿಮಗೆ ಗೊತ್ತಿರಲಿ. ಮೊದಲು ಕರೆಂಟಿನಲ್ಲಿ ನಡೆಯುವ ಕಡೆ 10 ಮಂದಿ ಇದ್ದರೆ 'ಕಾರ್ಖಾನೆ'. ಈಗ 20 ಮಾಡಿದ್ದಾರೆ. ಕರೆಂಟಿಲ್ಲದ ಕಡೆ 20 ಇದ್ದದ್ದು 40 ಆಗಿದೆ. ಅಂದರೆ ನನ್ನ ವರ್ಕ್‌ಶಾಪ್ ಈಗ ಕಾರ್ಖಾನೆ ಅನ್ನುವ ಪಟ್ಟಿಯಿಂದಲೇ ಹೊರಗೆ. ರಿಜಿಸ್ಟರು, ಲೈಸೆನ್ಸು ತಲೆನೋವು ಕಡಿಮೆ, ಅದು ನನಗೆ ಒಳ್ಳೆಯದು. ನನ್ನ ಕೆಲಸಗಾರರಿಗೆ ಒಳ್ಳೆಯದಾ? ರಾತ್ರಿ ಮಲಗಿದಾಗ ಈ ಪ್ರಶ್ನೆ ಬರುತ್ತದೆ.

ಹಳೇ ಕೆಂಪು ಬಾವುಟ

ಉದ್ಯಮಬಾಗದ ಸಾಹೇಬರೇ, ನಿಮ್ಮಂಥವರು ಇನ್ನಷ್ಟು ಜನ ಇರಲಿ. ಆದರೆ ಕಾನೂನು ಒಳ್ಳೆಯ ಮಾಲೀಕರನ್ನು ನೋಡಿ ಬರೆಯುವುದಲ್ಲ.

ನಾನು ಸಾರ್ವಜನಿಕ ವಲಯದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತನಾದವನು, ಅಷ್ಟೂ ವರ್ಷ ಯೂನಿಯನ್‌ನಲ್ಲಿದ್ದೆ. ಮೊದಲು 100 ಕೆಲಸಗಾರರಿದ್ದ ಕಾರ್ಖಾನೆ ಮುಚ್ಚಲು, ಜನರನ್ನು ತೆಗೆಯಲು ಸರ್ಕಾರದ ಅನುಮತಿ ಬೇಕಿತ್ತು. ಈಗ 300 ಇದ್ದರೆ ಮಾತ್ರ. ಮುಷ್ಕರ ಮಾಡಬೇಕಾದರೆ 14 ದಿನ ಮೊದಲು ನೋಟಿಸ್ ಕೊಡಬೇಕು. ಮೊದಲು ಈ ಕಡ್ಡಾಯ ನೀರು, ಕರೆಂಟಿನಂಥ ಅಗತ್ಯ ಸೇವೆಗಳಿಗೆ ಇತ್ತು, ಈಗ ಎಲ್ಲ ಕಾರ್ಖಾನೆಗೂ. ಅರ್ಧಕ್ಕರ್ಧ ಜನ ಒಟ್ಟಿಗೆ ರಜೆ ಹಾಕಿದರೂ ಅದು ಮುಷ್ಕರವೇ. ಮಾಲೀಕರ ಜೊತೆ ಮಾತುಕತೆಗೆ ಕೂರುವ ಏಕೈಕ ಯೂನಿಯನ್ ಆಗಬೇಕಾದರೆ ನೂರಕ್ಕೆ 51 ಜನರ ಬೆಂಬಲ ಬೇಕು. ಕೇಂದ್ರ ಕಾರ್ಮಿಕ ಸಂಘಟನೆಗಳು 2025ರ ಜುಲೈ 9ರಂದು ಮುಷ್ಕರ ಮಾಡಿದ್ದು, ಜಾರಿಯಾದ ಮೇಲೆ ನವೆಂಬರ್ 26ರಂದು ಬೀದಿಗೆ ಇಳಿದಿದ್ದು ಇದಕ್ಕೇ.

ನೇಮಕಾತಿ ಪತ್ರ ಒಳ್ಳೆಯದು, ಒಪ್ಪುತ್ತೇನೆ. ಆದರೆ ಪತ್ರ ಹಿಡಿದುಕೊಂಡು ಒಬ್ಬನೇ ಎಚ್‌ಆರ್ ಮುಂದೆ ನಿಂತರೆ ಏನಾಗುತ್ತದೆ ಅಂತ ಪೀಣ್ಯದ ಮಗನೇ ಮೇಲೆ ಬರೆದಿದ್ದಾನಲ್ಲ.

ಮದ್ದೂರಮ್ಮ

ಸರ್ ಹೇಳಿದ್ದು ನೂರಕ್ಕೆ ನೂರು ನಿಜ. 2016ರ ಏಪ್ರಿಲ್ ನೆನಪಿದೆಯಾ? ಪಿಎಫ್‌ನಲ್ಲಿ (ಭವಿಷ್ಯ ನಿಧಿ) ಮಾಲೀಕರ ಪಾಲನ್ನು 58 ವರ್ಷ ಆಗುವವರೆಗೆ ತೆಗೆಯುವ ಹಾಗಿಲ್ಲ ಅಂತ ಕೇಂದ್ರ ಹೊಸ ನಿಯಮ ತಂದಿತ್ತು. ನಮಗೆ ಯಾರೂ ಏನೂ ಹೇಳಿರಲಿಲ್ಲ. ಊಟದ ಹೊತ್ತಿನಲ್ಲಿ ಬಾಯಿಂದ ಬಾಯಿಗೆ ಹೋಯಿತು. ಮಗಳ ಮದುವೆಗೆ, ಮನೆ ಲೀಸಿಗೆ ಅಂತ ನಾವು ನಂಬಿಕೊಂಡಿದ್ದು ಅದೊಂದೇ ದುಡ್ಡು. ಕತ್ತರಿ, ದಾರ ಅಲ್ಲೇ ಬಿಟ್ಟು ಹೊರಗೆ ಬಂದೆವು. ಹೊಸೂರು ರಸ್ತೆ ತುಂಬ ಹೆಂಗಸರು, ಆ ಕಡೆ ಪೀಣ್ಯ, ಜಾಲಹಳ್ಳಿಯಲ್ಲೂ ಹಾಗೇ. ನನಗೆ ಅಷ್ಟು ಜನ ನೋಡಿ ಭಯವೂ ಆಯಿತು, ಧೈರ್ಯವೂ ಬಂತು. ಲಾಠಿ ಬಿತ್ತು, ಬಸ್ಸು ಸುಟ್ಟರು, ಅದನ್ನು ಯಾರು ಮಾಡಿದರೋ, ನಮಗೆ ಬೇಕಿರಲಿಲ್ಲ. ಏಪ್ರಿಲ್ 19ರ ಸಂಜೆ ಆ ನಿಯಮ ವಾಪಸ್ ತಗೊಂಡರು. ಎರಡೇ ದಿನ.

ಈಗ ಆ ಥರ ಎದ್ದು ಹೊರಗೆ ಬಂದರೆ? 14 ದಿನ ಮೊದಲು ನೋಟಿಸ್ ಕೊಟ್ಟಿರಬೇಕು ಅಲ್ವಾ. ಅದೇ ನನಗೆ ಕಾಡುತ್ತಿದೆ.

ಹಳೇ ಕೆಂಪು ಬಾವುಟ

ಹೌದು ತಾಯಿ. ನೋಟಿಸ್ ಇಲ್ಲದೆ ಆದರೆ ಅದು ಕಾನೂನುಬಾಹಿರ ಮುಷ್ಕರ, ದಂಡ ಹಾಕಬಹುದು.

ಮೈಸೂರು ಸವಾರ

ಫ್ಯಾಕ್ಟರಿಯವರ ಮಧ್ಯೆ ಬಂದೆ, ಕ್ಷಮಿಸಿ. ನಾನು ಮೈಸೂರಿನಲ್ಲಿ ಊಟ ಡೆಲಿವರಿ ಮಾಡುತ್ತೇನೆ. ಎರಡು ಆ್ಯಪ್ ಇಟ್ಟುಕೊಂಡಿದ್ದೇನೆ. ನಮಗೂ ಏನೋ ಇದೆ ಅಂತ ಕೇಳಿದೆ. ಕರ್ನಾಟಕ ಸರ್ಕಾರ ಬೇರೆ, ಕೇಂದ್ರ ಬೇರೆ ಅಂತಾರೆ. ಯಾವುದು ಏನು?

ಲೆಕ್ಕದ ಅಕ್ಕ

ಕ್ಷಮೆ ಯಾಕೆ ಕೇಳುತ್ತೀರಿ, ನೀವೂ ದುಡಿಯುವವರೇ.

ಎರಡು ಬೇರೆ ಬೇರೆ. ಕೇಂದ್ರದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಗಿಗ್ ಕೆಲಸಗಾರ, ಪ್ಲಾಟ್‌ಫಾರಂ ಕೆಲಸಗಾರ (ನಿಮ್ಮ ಹಾಗೆ ಆ್ಯಪ್ ಮೂಲಕ ದುಡಿಯುವವರು) ಅನ್ನುವ ಮಾತು ಮೊದಲ ಸಲ ದೇಶದ ಕಾನೂನಿನೊಳಗೆ ಬಂತು. ಆ್ಯಪ್ ಕಂಪನಿಗಳು ತಮ್ಮ ವರ್ಷದ ವಹಿವಾಟಿನ ಶೇ 1ರಿಂದ 2ರಷ್ಟು ಒಂದು ನಿಧಿಗೆ ಹಾಕಬೇಕು. ಆದರೆ ಅದು ನಿಮ್ಮಂಥವರಿಗೆ ಕೊಡುವ ಹಣದ ಶೇ 5ನ್ನು ಮೀರಬೇಕಿಲ್ಲ. ಕರಡು ನಿಯಮದ ಪ್ರಕಾರ ಒಂದೇ ಆ್ಯಪ್ ಆದರೆ ವರ್ಷಕ್ಕೆ 90 ದಿನ, ಒಂದಕ್ಕಿಂತ ಜಾಸ್ತಿ ಆದರೆ 120 ದಿನ ಕೆಲಸ ಮಾಡಿರಬೇಕು. ಆ ದಿನ ಎಷ್ಟು ಕಡಿಮೆ ದುಡಿದರೂ ಒಂದು ದಿನ ಅಂತಲೇ ಲೆಕ್ಕ. ಇ-ಶ್ರಮ್‌ನಲ್ಲಿ, ಅಂದರೆ ಕೇಂದ್ರದ ಅಸಂಘಟಿತ ಕಾರ್ಮಿಕರ ಜಾಲತಾಣದಲ್ಲಿ, ಆಧಾರ್ ಕೊಟ್ಟು ನೋಂದಾಯಿಸಿಕೊಳ್ಳಿ. ನಿಮ್ಮ ನಂಬರು ಆ್ಯಪ್ ಬದಲಾಯಿಸಿದರೂ, ರಾಜ್ಯ ಬದಲಾಯಿಸಿದರೂ ಅದೇ ಇರುತ್ತದೆ.

ಕರ್ನಾಟಕದ್ದು 2025ರ ಕಾಯ್ದೆ. ಮೇ ತಿಂಗಳಲ್ಲಿ ಸುಗ್ರೀವಾಜ್ಞೆಯಾಗಿ ಬಂತು, ಆಮೇಲೆ ಸದನದಲ್ಲಿ ಪಾಸಾಯಿತು. ಇದಕ್ಕೂ ಮೊದಲು ರಾಜಸ್ಥಾನ 2023ರಲ್ಲಿ ಮಾಡಿತ್ತು. ನಮ್ಮ ಕಾಯ್ದೆಯಲ್ಲಿ ಪ್ರತಿ ಸಲ ನಿಮಗೆ ಹಣ ಕೊಡುವಾಗ ಅದರ ಶೇ 1ರಿಂದ 5ರ ಒಳಗೆ ಕಲ್ಯಾಣ ಶುಲ್ಕ ಅಂತ ಕಂಪನಿ ಕಟ್ಟಬೇಕು, ಅದಕ್ಕೊಂದು ಮಂಡಳಿ ಇದೆ. ನನಗೆ ಇದರಲ್ಲಿ ತುಂಬ ಇಷ್ಟವಾದದ್ದು ಬೇರೆ: ಕಾರಣ ಬರೆದು ಕೊಡದೆ, 14 ದಿನ ಮೊದಲು ತಿಳಿಸದೆ ಕೆಲಸದಿಂದ ತೆಗೆಯುವ ಹಾಗಿಲ್ಲ.

ಮೈಸೂರು ಸವಾರ

ಅಕ್ಕ, ಈ ಕೊನೆಯ ಸಾಲಿಗಾಗಿ ನಿಮಗೆ ಕೈ ಮುಗಿಯುತ್ತೇನೆ.

ಕಳೆದ ವರ್ಷ ದಸರಾ ಹೊತ್ತಿನಲ್ಲಿ ನನ್ನ ಐಡಿ ಬ್ಲಾಕ್ ಆಗಿತ್ತು. ಬೆಳಿಗ್ಗೆ ಆ್ಯಪ್ ತೆಗೆದರೆ ಒಳಗೆ ಹೋಗುತ್ತಿಲ್ಲ. ಯಾರನ್ನು ಕೇಳುವುದು? ಚಾಟ್‌ನಲ್ಲಿ ಅದೇ ನಾಲ್ಕು ಉತ್ತರ ತಿರುಗಿ ತಿರುಗಿ ಬರುತ್ತದೆ. ಹನ್ನೊಂದು ದಿನ. ದಸರಾ ಅಂದರೆ ನಮಗೆ ಸುಗ್ಗಿ, ಊರಿಗೆ ಊರೇ ಹೊರಗೆ ಇರುತ್ತದೆ, ಆರ್ಡರ್ ಮೇಲೆ ಆರ್ಡರ್. ನಾನು ದೇವರಾಜ ಅರಸು ರಸ್ತೆಯಲ್ಲಿ ಗಾಡಿ ಸ್ಟ್ಯಾಂಡ್ ಹಾಕಿ ಜೊತೆಯವರು ಓಡಾಡುವುದನ್ನು ನೋಡುತ್ತಾ ಕೂತಿದ್ದೆ. ಹನ್ನೆರಡನೇ ದಿನ ತಾನಾಗಿಯೇ ತೆರೆಯಿತು. ಯಾಕೆ ಮುಚ್ಚಿತು, ಯಾಕೆ ತೆರೆಯಿತು, ಇವತ್ತಿಗೂ ಗೊತ್ತಿಲ್ಲ.

ಉದ್ಯಮಬಾಗ್

ಸವಾರರೇ, ನನ್ನ ಮಗನೂ ಇದೇ ಕೆಲಸ ಸ್ವಲ್ಪ ದಿನ ಮಾಡಿದ. ಮಳೆಯಲ್ಲಿ ಬಿದ್ದು ಮೊಣಕಾಲು ಪೆಟ್ಟಾಯಿತು. ಹುಷಾರಾಗಿ ಓಡಿಸಿ.

ಲೆಕ್ಕದ ಮೇಡಂ, ನನ್ನದೊಂದು ಪ್ರಶ್ನೆ. ಮೂಲ ವೇತನ ಅರ್ಧ ಇರಬೇಕು, ಕೈಗೆ ಬರುವ ಸಂಬಳ ಕಡಿಮೆ ಆಗುತ್ತದೆ ಅಂತ ಎಲ್ಲ ಕಡೆ ಓಡಾಡುತ್ತಿದೆ. ನನ್ನ ಹುಡುಗರು ಹೆದರಿಕೊಂಡಿದ್ದಾರೆ.

ಲೆಕ್ಕದ ಅಕ್ಕ

ಇದನ್ನು ಒಂದು ಉದಾಹರಣೆ ಹಾಕಿಯೇ ಹೇಳಬೇಕು, ಇಲ್ಲದಿದ್ದರೆ ತಲೆ ಕೆಡುತ್ತದೆ.

ತಿಂಗಳಿಗೆ 28,000 ಸಂಬಳ ಅಂದುಕೊಳ್ಳಿ. ಮೂಲ ವೇತನ 11,000. ಮನೆ ಬಾಡಿಗೆ ಭತ್ಯೆ 10,000, ಓಡಾಟದ ಭತ್ಯೆ 4,000, ಕೆಲಸದ ಖರ್ಚಿಗೆ 3,000. ಭತ್ಯೆ ಎಲ್ಲ ಸೇರಿ 17,000. ಹೊಸ ಲೆಕ್ಕದಲ್ಲಿ ಭತ್ಯೆಗಳು ಒಟ್ಟು ಸಂಬಳದ ಅರ್ಧಕ್ಕಿಂತ ಜಾಸ್ತಿ ಇದ್ದರೆ, ಜಾಸ್ತಿ ಇರುವಷ್ಟು ವೇತನಕ್ಕೆ ಸೇರುತ್ತದೆ. ಅರ್ಧ ಅಂದರೆ 14,000. ಜಾಸ್ತಿ ಇರುವುದು 3,000. ಆಗ ವೇತನ 11,000 ಅಲ್ಲ, 14,000.

ಗ್ರಾಚ್ಯುಟಿ ಹೇಗೆ ಹಾಕುತ್ತಾರೆ? ಕೊನೆಯ ವೇತನವನ್ನು 15ರಿಂದ ಗುಣಿಸಿ 26ರಿಂದ ಭಾಗಿಸಿದರೆ ಒಂದು ವರ್ಷದ್ದು. 11,000ಕ್ಕೆ 6,346 ಬರುತ್ತಿತ್ತು. 14,000ಕ್ಕೆ 8,077. ಹತ್ತು ವರ್ಷ ದುಡಿದವರಿಗೆ 17 ಸಾವಿರಕ್ಕೂ ಮೇಲೆ ವ್ಯತ್ಯಾಸ. ಇದು ಪೂರ್ತಿ ಲಾಭ.

ಪಿಎಫ್ ವಿಷಯಕ್ಕೆ ಬನ್ನಿ. 2025ರ ಡಿಸೆಂಬರ್‌ನಲ್ಲಿ ಕಾರ್ಮಿಕ ಸಚಿವಾಲಯ ಸ್ಪಷ್ಟನೆ ಕೊಟ್ಟಿತು: 15,000ದ ಮಿತಿಯ ಮೇಲೆ ಪಿಎಫ್ ಕಡಿತ ಮಾಡುತ್ತಿದ್ದರೆ ಕೈಗೆ ಬರುವುದು ಕಡಿಮೆ ಆಗಲ್ಲ ಅಂತ. ಸರಿ. ಆದರೆ ಅದು 15,000 ಮುಟ್ಟಿದವರಿಗೆ. ಮೇಲಿನ ಉದಾಹರಣೆಯಲ್ಲಿ ಮೊದಲು 11,000ದ ಶೇ 12, ಅಂದರೆ 1,320 ಕಡಿತ ಆಗುತ್ತಿತ್ತು. 14,000ದ ಮೇಲೆ ಹಾಕಿದರೆ 1,680. ತಿಂಗಳಿಗೆ 360 ರೂಪಾಯಿ ಕೈಗೆ ಕಡಿಮೆ. ಮಾಲೀಕರೂ 360 ಜಾಸ್ತಿ ಹಾಕಬೇಕು, ಹಾಗಾಗಿ ಪಿಎಫ್, ಪಿಂಚಣಿ ಎರಡೂ ಸೇರಿ 720 ಜಾಸ್ತಿ ಬೀಳುತ್ತದೆ. ದುಡ್ಡು ಎಲ್ಲೂ ಹೋಗಲ್ಲ, ನಿಮ್ಮದೇ. ಆದರೆ ತಿಂಗಳ ಕೊನೆಯಲ್ಲಿ ಗ್ಯಾಸ್ ಸಿಲಿಂಡರ್ ಮುಗಿದ ಮನೆಗೆ 360 ರೂಪಾಯಿ ಸಣ್ಣದಲ್ಲ ಅಂತ ನನಗೂ ಗೊತ್ತು. ಸ್ಪಷ್ಟನೆ ಕೊಟ್ಟಾಗ ಕಡಿಮೆ ಸಂಬಳದವರ ಈ ಲೆಕ್ಕವನ್ನೂ ಬಿಡಿಸಿ ಹೇಳಬೇಕಿತ್ತು ಅಂತ ನನಗೆ ಬೇಸರ ಇದೆ.

ಮದ್ದೂರಮ್ಮ

ಅಕ್ಕ ನನ್ನ ಮಗಳೂ ಈಗ ಗಾರ್ಮೆಂಟ್ಸ್‌ಗೆ ಹೋಗುತ್ತಾಳೆ, ಇಲ್ಲೇ ಹತ್ತಿರ. ರಾತ್ರಿ ಪಾಳಿ ಹಾಕುತ್ತೇವೆ ಅಂತಿದ್ದಾರಂತೆ. ಬೇಡ ಅನ್ನಬಹುದಾ?

ಲೆಕ್ಕದ ಅಕ್ಕ

ಅನ್ನಬಹುದು ಅಮ್ಮ. ಸಂಜೆ 7ರ ಮೇಲೆ, ಬೆಳಿಗ್ಗೆ 6ರ ಒಳಗೆ ಹೆಂಗಸರಿಂದ ಕೆಲಸ ಮಾಡಿಸಬೇಕಾದರೆ ಅವರ ಒಪ್ಪಿಗೆ ಬೇಕೇ ಬೇಕು. ಸುರಕ್ಷತೆಯ ವ್ಯವಸ್ಥೆಯೂ ಮಾಡಿರಬೇಕು. ಹೋಗಿ ಬರುವ ಗಾಡಿ ಮನೆ ಬಾಗಿಲಿಗೆ ಬರುತ್ತದಾ, ಹೆದ್ದಾರಿಯಲ್ಲಿ ಇಳಿಸಿ ಹೋಗುತ್ತದಾ, ಅದನ್ನು ಒಪ್ಪುವ ಮೊದಲೇ ಕೇಳಲಿ. ಓಟಿ (ಹೆಚ್ಚುವರಿ ಹೊತ್ತಿನ ಕೆಲಸ) ಮಾಡಿಸಿದರೆ ದುಪ್ಪಟ್ಟು ಕೊಡಬೇಕು, ಅದಕ್ಕೂ ಕೆಲಸಗಾರರ ಒಪ್ಪಿಗೆ ಬೇಕು.

ಇನ್ನೊಂದು. ಸಾಮಾಜಿಕ ಭದ್ರತೆಯ ಸೌಲಭ್ಯಗಳ ಲೆಕ್ಕಕ್ಕೆ ಮದುವೆಯಾದ ಹೆಣ್ಣುಮಕ್ಕಳ ಕುಟುಂಬ ಅಂದರೆ ಈಗ ಅತ್ತೆ ಮಾವನೂ ಸೇರುತ್ತಾರೆ.

ಹಳೇ ಕೆಂಪು ಬಾವುಟ

ಒಪ್ಪಿಗೆ ಅನ್ನುವ ಮಾತಿನ ಬಗ್ಗೆ ನನಗೆ ಅನುಮಾನ ಇದೆ ಅಂತ ಹೇಳಿಯೇ ಬಿಡುತ್ತೇನೆ. ಬ್ರೇಕ್ ಕಾಗದಕ್ಕೂ ಪೀಣ್ಯದ ಮಗ ಒಪ್ಪಿಯೇ ಸಹಿ ಹಾಕಿದ್ದು ಅಂತ ಅವರು ಹೇಳುತ್ತಾರೆ.

ಮಗಾ, ನೀನು ಆ ಕಾಗದಕ್ಕೆ ಹೆದರಬೇಡ. ಗ್ರಾಚ್ಯುಟಿ ಬೇಡ ಅಂತ ಬರೆಸಿಕೊಂಡ ಮಾತ್ರಕ್ಕೆ ಹಕ್ಕು ಹೋಗಲ್ಲ, ಕಾಯ್ದೆ ಅಂಥ ಒಪ್ಪಂದದ ಮೇಲಿನದು. ಆದರೆ ಗ್ರಾಚ್ಯುಟಿ ಕೈಗೆ ಬರುವುದು ಕೆಲಸ ಬಿಟ್ಟಾಗ, ಇಲ್ಲ ಅವಧಿ ಮುಗಿದಾಗ. ಈಗ ಮಾಡಬೇಕಾದ್ದು ಪುರಾವೆ ಜೋಡಿಸುವುದು. ಪಿಎಫ್ ಪಾಸ್‌ಬುಕ್ ತೆಗೆದಿದ್ದೀಯಾ? ಕಾಂಟ್ರಾಕ್ಟರ್ ಹೆಸರು ಬದಲಾಯಿಸಿದರೂ ನಿನ್ನ ಯುಎಎನ್, ಅಂದರೆ ಪಿಎಫ್‌ನ ಕಾಯಂ ನಂಬರು, ಒಂದೇ.

ಪೀಣ್ಯ ಎರಡನೇ ಹಂತ

ಇಲ್ಲ ಸರ್. ಪಾಸ್‌ವರ್ಡ್ ಮರೆತಿದ್ದೇನೆ, ಹಳೇ ಸಿಮ್ ನಂಬರು ಸೇರಿಸಿತ್ತು. ಭಾನುವಾರ ಸೈಬರ್ ಸೆಂಟರ್‌ಗೆ ಹೋಗಿ ನೋಡುತ್ತೇನೆ.

ಮೈಸೂರು ಸವಾರ

ಅಣ್ಣ, ಗುರುತಿನ ಚೀಟಿ ಆರನ್ನೂ ಫೋಟೋ ತೆಗೆದು ಹೆಂಡತಿ ಫೋನಿಗೂ ಕಳಿಸಿ ಇಡು. ಬರುವ ಬ್ರೇಕ್‌ಗೆ ವಾಪಸ್ ಕೇಳಿಬಿಟ್ಟರೆ?

ಉದ್ಯಮಬಾಗ್

ಕೆಲಸ ಬಿಡುವವರಿಗೆ ಒಂದು ಮಾತು. ಬಿಟ್ಟರೂ, ತೆಗೆದರೂ, ಬಾಕಿ ಸಂಬಳವನ್ನು ಎರಡು ಕೆಲಸದ ದಿನದೊಳಗೆ ಕೊಡಬೇಕು ಅಂತ ವೇತನ ಸಂಹಿತೆಯಲ್ಲಿದೆ. ಮೊದಲು ನಾವು "ಮುಂದಿನ ತಿಂಗಳು ಹತ್ತಕ್ಕೆ ಬಾ" ಅನ್ನುತ್ತಿದ್ದೆವು, ನಾನೂ ಅಂದಿದ್ದೇನೆ. ಸಂಬಳದ ಬಾಕಿ ಕೇಳಲು ಈಗ ಮೂರು ವರ್ಷದವರೆಗೆ ಅವಕಾಶ ಇದೆ. ಮತ್ತೆ 40 ದಾಟಿದವರಿಗೆ ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣೆ ಮಾಡಿಸಬೇಕು ಅಂತಲೂ ಇದೆ. ನನ್ನಲ್ಲಿ ಐದು ಮಂದಿ ಇದ್ದಾರೆ, ಮುಂದಿನ ವಾರ ಕರೆದುಕೊಂಡು ಹೋಗುತ್ತೇನೆ. ಟರ್ನರ್‌ಗೆ ಕೆಮ್ಮು ಬಹಳ ದಿನದಿಂದ ಇದೆ.

ಲೆಕ್ಕದ ಅಕ್ಕ

ಹೌದು, ಇನ್ನೂ ಒಂದಿದೆ, ಎಷ್ಟೋ ಜನಕ್ಕೆ ಗೊತ್ತಿಲ್ಲ. ಸಂಬಳ ಸಹಿತ ರಜೆಗೆ ಮೊದಲು ವರ್ಷಕ್ಕೆ 240 ದಿನ ಕೆಲಸ ಮಾಡಿರಬೇಕಿತ್ತು, ಈಗ 180 ಸಾಕು. ಪ್ರತಿ 20 ದಿನಕ್ಕೆ ಒಂದು ರಜೆ. ಮನೆಯಿಂದ ಕೆಲಸಕ್ಕೆ ಬರುವಾಗ ಹೋಗುವಾಗ ಅಪಘಾತ ಆದರೆ ಅದನ್ನೂ ಕೆಲಸಕ್ಕೆ ಸಂಬಂಧಿಸಿದ ಅಪಘಾತ ಅಂತ ನೋಡುವ ಅವಕಾಶ ಇದೆ.

ಪೀಣ್ಯ ಎರಡನೇ ಹಂತ

ಎಲ್ಲರಿಗೂ ನಮಸ್ಕಾರ, ಎಂಟು ದಿನ ಬಿಟ್ಟು ಬರೆಯುತ್ತಿದ್ದೇನೆ.

ಸೈಬರ್ ಸೆಂಟರ್‌ನಲ್ಲಿ ಎರಡು ಗಂಟೆ ಕೂತು ಪಾಸ್‌ಬುಕ್ ತೆಗೆಸಿದೆ. ಒಂಬತ್ತು ಹಾಳೆ. ಸರ್ ಹೇಳಿದ ಹಾಗೆ ಯುಎಎನ್ ಒಂದೇ ಇದೆ. ಅದರ ಕೆಳಗೆ ಎರಡು ಖಾತೆ, ಎಂಟರ್‌ಪ್ರೈಸಸ್‌ದು ಒಂದು, ಸರ್ವೀಸಸ್‌ದು ಒಂದು. ಒಂದು ಮುಗಿದ ತಿಂಗಳ ಮಾರನೇ ತಿಂಗಳೇ ಇನ್ನೊಂದು ಶುರು. ಬೆರಳಿಟ್ಟುಕೊಂಡು ಒಂದೊಂದೇ ಸಾಲು ನೋಡಿದೆ. ಆರು ವರ್ಷದಲ್ಲಿ ಒಂದು ತಿಂಗಳೂ ಖಾಲಿ ಇಲ್ಲ. ಬ್ರೇಕ್ ಕೊಟ್ಟ ತಿಂಗಳಲ್ಲಿ ದುಡ್ಡು ಸ್ವಲ್ಪ ಕಡಿಮೆ ಬಿದ್ದಿದೆ, ಅಷ್ಟೇ.

ಸೋಮವಾರ ಕಾಂಟ್ರಾಕ್ಟರ್ ಆಫೀಸಿಗೆ ಹೋಗಿ ನೇಮಕಾತಿ ಪತ್ರ ಕೇಳಿದೆ. ಕೊಟ್ಟರು! ಒಂದು ಹಾಳೆ, ಇಂಗ್ಲಿಷಿನಲ್ಲಿ. ಜೊತೆಯವನು ಓದಿದ. ಸೇರಿದ ದಿನಾಂಕ ಅಂತ ಈ ತಿಂಗಳ ಒಂದನೇ ತಾರೀಕು ಹಾಕಿದ್ದಾರೆ. ಅವಧಿ ಹನ್ನೊಂದು ತಿಂಗಳು. ಸಹಿ ಹಾಕು ಅಂದರು. ಓದಿ ತಂದು ಕೊಡುತ್ತೇನೆ ಅಂದು ತಗೊಂಡು ಬಂದೆ. ಇನ್ನೂ ಹಾಕಿಲ್ಲ.

ಮೊದಲ ಸಲ ಹಾಗೆ ಹೇಳಿದ್ದು ಅಕ್ಕ. ಕಾಲು ನಡುಗುತ್ತಿತ್ತು.

ಲೆಕ್ಕದ ಅಕ್ಕ

ಬಹಳ ಒಳ್ಳೆಯ ಕೆಲಸ ಮಾಡಿದೆ ತಮ್ಮಾ. ಆ ದಿನಾಂಕಕ್ಕೆ ಹಾಗೇ ಸಹಿ ಹಾಕಬೇಡ. ಹಾಕಲೇಬೇಕಾಗಿ ಬಂದರೆ ಸಹಿಯ ಪಕ್ಕದಲ್ಲಿ ನಿನ್ನ ಕೈಬರಹದಲ್ಲಿ ಕನ್ನಡದಲ್ಲೇ ಬರೆ: ನಾನು ಇಂಥ ವರ್ಷದಿಂದ ಇಲ್ಲೇ ಕೆಲಸ ಮಾಡುತ್ತಿದ್ದೇನೆ, ಆ ಹಕ್ಕನ್ನು ಉಳಿಸಿಕೊಂಡು ಸಹಿ ಹಾಕಿದ್ದೇನೆ ಅಂತ. ಅದರ ಫೋಟೋ ತೆಗೆದುಕೋ. ಲೆಕ್ಕ ನೋಡಿದೆ: ನಿನ್ನ ವೇತನ 16,000 ಅಂತ ಇಟ್ಟುಕೊಂಡರೆ ಆರು ವರ್ಷಕ್ಕೆ 55 ಸಾವಿರದ ಹತ್ತಿರ ಬರುತ್ತದೆ.

ಹಳೇ ಕೆಂಪು ಬಾವುಟ

ಒಬ್ಬನೇ ಹೋಗಬೇಡ. ನಿನ್ನ ಥರ ಬ್ರೇಕ್ ತಗೊಂಡವರು ನಿನ್ನ ಶಿಫ್ಟಿನಲ್ಲಿ ಎಷ್ಟು ಜನ? ಅವರ ಪಾಸ್‌ಬುಕ್ಕನ್ನೂ ತೆಗೆಸು. ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ, ಅಂದರೆ ಕಾರ್ಮಿಕ ಇಲಾಖೆಯ ಕಚೇರಿಗೆ, ನಾನು ಜೊತೆಗೆ ಬರುತ್ತೇನೆ, ನನಗೆ ಹಿರಿಯ ನಾಗರಿಕರ ಪಾಸ್ ಇದೆ, ಬಸ್ಸಿನಲ್ಲಿ ಬರುತ್ತೇನೆ. ಯಾವ ದಿನ ಅಂತ ಹೇಳು.

ಪೀಣ್ಯ ಎರಡನೇ ಹಂತ

ನಮ್ಮ ಶಿಫ್ಟಿನಲ್ಲಿ ಒಂಬತ್ತು ಜನ ಸರ್. ನಾಲ್ವರು ಬರುತ್ತೇವೆ ಅಂದಿದ್ದಾರೆ. ಗುರುವಾರ ನಮಗೆ ಎರಡನೇ ಪಾಳಿ, ಬೆಳಿಗ್ಗೆ ಬಿಡುವು. ಹತ್ತೂವರೆಗೆ ಗೇಟ್ ಹತ್ತಿರ ಇರುತ್ತೇವೆ. ಪಾಸ್‌ಬುಕ್ಕು, ಆರು ಚೀಟಿ, ಸಹಿ ಹಾಕದ ಆ ಕಾಗದ, ಎಲ್ಲ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಇಟ್ಟುಕೊಂಡಿದ್ದೇನೆ.